ಹಳೆಯ ಮಿನಿ ಎಂಜಿನ್‌ಗೆ ಕ್ಯಾಮ್‌ಶಾಫ್ಟ್ ಆರಿಸುವ ಬಗೆ

ಹಳೆಯ ಮಿನಿ ಕಾರಿನ ಎಂಜಿನ್ ಬಿಚ್ಚಿ ಮತ್ತೆ ಕಟ್ಟಲು ಕೈಹಾಕುವವರು ಸಾಮಾನ್ಯವಾಗಿ ಮೊದಲು ಕೊಳ್ಳುವ ಬಿಡಿಭಾಗ ಕ್ಯಾಮ್‌ಶಾಫ್ಟ್, ಅಂದರೆ ಸಿಲಿಂಡರಿನ ವಾಲ್ವುಗಳನ್ನು ತೆರೆಸಿ ಮುಚ್ಚಿಸುವ ಉಬ್ಬುಗಳುಳ್ಳ ದಂಡ. ಕೊನೆಗೆ ತೀರ್ಮಾನಿಸಬೇಕಾದ ಭಾಗವೂ ಅದೇ. ಮಾರಾಟಗಾರರ ಪಟ್ಟಿಯಲ್ಲಿ 252, 266, 276, 300 ಎಂದು ಅಂಕಿಗಳು ಏರುತ್ತ ಹೋಗುವುದನ್ನು ಕಂಡಾಗ, ದೊಡ್ಡ ಅಂಕಿಯ ಕ್ಯಾಮ್ ಹಾಕಿದರೆ ಕಾರಿಗೆ ಅಷ್ಟೇ ದೊಡ್ಡ ಬಲ ಬರುತ್ತದೆ ಎಂದು ಅನ್ನಿಸುವುದು ಸಹಜ. ಆದರೆ ಕ್ಯಾಮ್‌ಶಾಫ್ಟ್ ತಾನಾಗಿ ಬಲ ಹುಟ್ಟಿಸುವುದಿಲ್ಲ. ಎಂಜಿನ್ ಯಾವ ವೇಗದಲ್ಲಿ ಚೆನ್ನಾಗಿ ಉಸಿರಾಡಬೇಕು ಎಂಬುದನ್ನಷ್ಟೇ ಅದು ನಿರ್ಧರಿಸುತ್ತದೆ, ಮತ್ತು ಒಂದು ವೇಗದಲ್ಲಿ ಕೊಟ್ಟದ್ದನ್ನು ಇನ್ನೊಂದು ವೇಗದಲ್ಲಿ ಕಿತ್ತುಕೊಳ್ಳುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದೇ ಎಂಜಿನ್ನನ್ನು ಹಿಡಿದು ನೋಡೋಣ. ಬ್ರಿಟನ್ನಿನ ಎ-ಸೀರೀಸ್ ಎಂಜಿನ್ 1951ರಲ್ಲಿ ಆಸ್ಟಿನ್ ಎ30 ಕಾರಿನಲ್ಲಿ 803 ಸಿಸಿ ಗಾತ್ರದಲ್ಲಿ ಕಾಣಿಸಿಕೊಂಡಿತು. ಮೋರಿಸ್ ಮೈನರ್‌ನಲ್ಲಿ 948 ಸಿಸಿ ಆಯಿತು. 1959ರಲ್ಲಿ ಅಲೆಕ್ ಇಸಿಗೋನಿಸ್ ರೂಪಿಸಿದ ಮಿನಿಯಲ್ಲಿ 848 ಸಿಸಿ ರೂಪದಲ್ಲಿ ಅಡ್ಡಡ್ಡವಾಗಿ ಕೂತಿತು. ಮುಂದೆ 998, 1098, 1275 ಸಿಸಿಗಳಾಗಿ ಬೆಳೆದು 2000ದಲ್ಲಿ ಹಳೆಯ ಮಿನಿಯ ತಯಾರಿಕೆ ನಿಲ್ಲುವವರೆಗೂ ಬದುಕಿತ್ತು. ಇಷ್ಟು ದೀರ್ಘ ಕಾಲ ಅದರ ಮೂಲ ರಚನೆ ಬದಲಾಗಲಿಲ್ಲ. ಕ್ಯಾಮ್‌ಶಾಫ್ಟ್ ಎಂಜಿನ್ ಬ್ಲಾಕ್‌ನ ಒಳಗೇ ಇರುತ್ತದೆ. ಅದರ ಉಬ್ಬುಗಳು ಟ್ಯಾಪೆಟ್‌ಗಳನ್ನು ಎತ್ತುತ್ತವೆ, ಟ್ಯಾಪೆಟ್‌ಗಳು ಪುಶ್‌ರಾಡ್‌ಗಳನ್ನು ತಳ್ಳುತ್ತವೆ, ಪುಶ್‌ರಾಡ್‌ಗಳು ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಮೇಲಿನ ರಾಕರ್ ಎಂಬ ಸನ್ನೆಗಳನ್ನು ತಿರುಗಿಸಿ ವಾಲ್ವುಗಳನ್ನು ಕೆಳಕ್ಕೆ ಒತ್ತುತ್ತವೆ. ಪಿಸ್ಟನ್‌ಗಳ ಏರಿಳಿತದಿಂದ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್ ಎರಡು ಸುತ್ತು ತಿರುಗುವಾಗ ಟೈಮಿಂಗ್ ಚೈನ್ ಮೂಲಕ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಎಂಜಿನ್ನನ್ನೋ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ಎಂಜಿನ್ನನ್ನೋ ಬಿಚ್ಚಿ ನೋಡಿದವರಿಗೆ ಈ ವ್ಯವಸ್ಥೆ ಹೊಸದಲ್ಲ.

ನಾಲ್ಕು ಕ್ಷಣಗಳು

ಕ್ಯಾಮ್‌ಶಾಫ್ಟಿನ ಗುಣವೆಲ್ಲ ನಾಲ್ಕು ಕ್ಷಣಗಳಲ್ಲಿ ಅಡಗಿದೆ: ಮಿಶ್ರಣವನ್ನು ಒಳಬಿಡುವ ಇನ್‌ಲೆಟ್ ವಾಲ್ವ್ ತೆರೆಯುವುದು, ಅದು ಮುಚ್ಚುವುದು, ಹೊಗೆಯನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆಯುವುದು, ಅದು ಮುಚ್ಚುವುದು. ಇವನ್ನು ಪಿಸ್ಟನ್ ಅತಿ ಮೇಲೆ ಇರುವ ಬಿಂದುವಿನಿಂದ, ಅಂದರೆ ಮೆಕ್ಯಾನಿಕ್‌ಗಳು ಟಿಡಿಸಿ ಎನ್ನುವ ಮೇಲ್ತುದಿಯಿಂದ, ಇಲ್ಲವೇ ಅತಿ ಕೆಳಗಿನ ಬಿಂದುವಿನಿಂದ ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗಿದೆ ಎಂದು ಎಣಿಸುತ್ತಾರೆ. 848 ಸಿಸಿ ಮಿನಿಯ ಕಾರ್ಖಾನೆ ಕ್ಯಾಮ್‌ನಲ್ಲಿ ಇನ್‌ಲೆಟ್ ಮೇಲ್ತುದಿಗಿಂತ 5 ಡಿಗ್ರಿ ಮೊದಲು ತೆರೆದು ಕೆಳತುದಿಯ ನಂತರ 45 ಡಿಗ್ರಿಗೆ ಮುಚ್ಚುತ್ತದೆ. ಎಕ್ಸಾಸ್ಟ್ ಕೆಳತುದಿಗೆ 40 ಡಿಗ್ರಿ ಮೊದಲು ತೆರೆದು ಮೇಲ್ತುದಿಯ ನಂತರ 10 ಡಿಗ್ರಿಗೆ ಮುಚ್ಚುತ್ತದೆ. ಇದನ್ನೇ 5-45-40-10 ಎಂದು ಚಿಕ್ಕದಾಗಿ ಬರೆಯುತ್ತಾರೆ. ಇನ್‌ಲೆಟ್ ತೆರೆದಿರುವ ಒಟ್ಟು ಅವಧಿ 5, 180 ಮತ್ತು 45 ಸೇರಿ 230 ಡಿಗ್ರಿ. ಪಟ್ಟಿಯಲ್ಲಿ ಕಾಣುವ ದೊಡ್ಡ ಅಂಕಿ ಇದೇ ಅವಧಿ. 1961ರ 997 ಸಿಸಿ ಮಿನಿ ಕೂಪರ್‌ನ ಕ್ಯಾಮ್ 16-56-51-21, ಅಂದರೆ 252 ಡಿಗ್ರಿ. ರೇಸ್‌ಗೆಂದು ಮಿನಿ ತಯಾರಿಸುತ್ತಿದ್ದ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಕಂಪನಿಯೇ ಮಾಡಿದ, 649 ಎಂದು ಹೆಸರಾದ ಕ್ಯಾಮ್ 50-70-75-45. ಅವಧಿ 300 ಡಿಗ್ರಿ. ಈ ಮೂರನ್ನು ಲೇಖನದುದ್ದಕ್ಕೂ ಕೈಯಲ್ಲಿಟ್ಟುಕೊಂಡರೆ ಉಳಿದದ್ದು ಸುಲಭವಾಗುತ್ತದೆ.

ವಾಲ್ವುಗಳು ಪಿಸ್ಟನ್ನಿನ ಏರಿಳಿತಕ್ಕೆ ಸರಿಯಾಗಿ, ಅಂದರೆ ನೆಟ್ಟಗೆ 180 ಡಿಗ್ರಿಯಷ್ಟೇ ಯಾಕೆ ತೆರೆದಿರಬಾರದು ಎಂಬ ಪ್ರಶ್ನೆ ಏಳಬಹುದು. ಗಾಳಿಗೂ ಪೆಟ್ರೋಲ್ ಆವಿಗೂ ತೂಕವಿದೆ. ವಾಲ್ವಿಗೆ ತಲುಪಿಸುವ ದಾರಿಯಾದ ಪೋರ್ಟಿನಲ್ಲಿ ಓಡುತ್ತಿರುವ ಮಿಶ್ರಣವು, ಪಿಸ್ಟನ್ ಕೆಳತುದಿ ಮುಟ್ಟಿ ಮೇಲೇರಲು ಆರಂಭಿಸಿದ ಮೇಲೂ, ತನ್ನ ಓಟದ ರಭಸಕ್ಕೆ ಸಿಲಿಂಡರಿನೊಳಗೆ ನುಗ್ಗುತ್ತಲೇ ಇರುತ್ತದೆ. ಎಂಜಿನ್ ವೇಗ ಹೆಚ್ಚಿದಷ್ಟೂ ಈ ರಭಸ ಹೆಚ್ಚು, ಸಿಗುವ ಸಮಯ ಕಡಿಮೆ: ನಿಮಿಷಕ್ಕೆ 1000 ಸುತ್ತಿನಲ್ಲಿ ಕ್ರ್ಯಾಂಕ್ 50 ಡಿಗ್ರಿ ತಿರುಗಲು ಸೆಕೆಂಡಿನ ಸಾವಿರದಲ್ಲಿ 8 ಭಾಗ ಹಿಡಿದರೆ, 6000 ಸುತ್ತಿನಲ್ಲಿ ಒಂದೂವರೆ ಭಾಗವೂ ಹಿಡಿಯುವುದಿಲ್ಲ. ಆದ್ದರಿಂದ ವೇಗದ ಎಂಜಿನ್‌ಗೆ ಬಾಗಿಲು ಬೇಗ ತೆರೆದು ತಡವಾಗಿ ಮುಚ್ಚಬೇಕು. ಅದೇ ತಡವಾದ ಮುಚ್ಚುವಿಕೆ ನಿಧಾನ ವೇಗದಲ್ಲಿ ಉಲ್ಟಾ ಹೊಡೆಯುತ್ತದೆ. ರಭಸವಿಲ್ಲದ ಮಿಶ್ರಣವನ್ನು ಮೇಲೇರುವ ಪಿಸ್ಟನ್ ಬಂದ ದಾರಿಯಲ್ಲೇ ಹೊರಕ್ಕೆ ತಳ್ಳಿಬಿಡುತ್ತದೆ.

ಹೀಗಾಗಿ ನಾಲ್ಕು ಕ್ಷಣಗಳಲ್ಲಿ ಇನ್‌ಲೆಟ್ ಮುಚ್ಚುವ ಕ್ಷಣವೇ ಎಲ್ಲಕ್ಕಿಂತ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಕ್ಯಾಮ್ ಹುಡುಕುವವರು ಪಟ್ಟಿಯ ಒಟ್ಟು ಅವಧಿಯನ್ನು ನೋಡುವ ಮೊದಲು ನಾಲ್ಕರ ಸಾಲಿನ ಎರಡನೆಯ ಅಂಕಿಯನ್ನು ನೋಡಬೇಕು. ಅದರ ಪರಿಣಾಮವನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಬಹುದು.

1275 ಸಿಸಿ ಎಂಜಿನ್ನಿನ ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, 81.28 ಮಿ.ಮೀ.; ಕನೆಕ್ಟಿಂಗ್ ರಾಡ್‌ನ ಉದ್ದ 146 ಮಿ.ಮೀ. ಹೆಡ್ ಮತ್ತು ಪಿಸ್ಟನ್‌ಗಳನ್ನು ಅಳೆದು ಕಂಪ್ರೆಷನ್ ಅನುಪಾತ, ಅಂದರೆ ಪಿಸ್ಟನ್ ಕೆಳತುದಿಯಲ್ಲಿದ್ದಾಗಿನ ಜಾಗ ಮೇಲ್ತುದಿಯಲ್ಲಿದ್ದಾಗಿನದರ ಎಷ್ಟು ಪಟ್ಟು ಎಂಬುದು, 9.5 ಎಂದು ಕಂಡುಕೊಂಡಿದ್ದೇವೆ ಎನ್ನಿ. ಆದರೆ ಇನ್‌ಲೆಟ್ ತೆರೆದಿರುವವರೆಗೆ ಪಿಸ್ಟನ್ ಏನನ್ನೂ ಒತ್ತುವುದಿಲ್ಲ. ನಿಜವಾದ ಒತ್ತುವಿಕೆ ಆರಂಭವಾಗುವುದು ವಾಲ್ವ್ ಮುಚ್ಚಿದ ಮೇಲೆ. 45 ಡಿಗ್ರಿಗೆ ಮುಚ್ಚುವ ಕ್ಯಾಮ್‌ನಲ್ಲಿ ಆ ಹೊತ್ತಿಗೆ ಪಿಸ್ಟನ್ ಇನ್ನೂ ಸುಮಾರು 72 ಮಿ.ಮೀ. ಮೇಲೇರಬೇಕಾಗಿರುತ್ತದೆ, ಅಂದರೆ ಸ್ಟ್ರೋಕ್‌ನ ಶೇ. 89ರಷ್ಟು ಉಳಿದಿರುತ್ತದೆ, ಆಗ ನಿಜವಾದ ಅನುಪಾತ ಸುಮಾರು 8.5. 56 ಡಿಗ್ರಿಗೆ ಮುಚ್ಚುವ ಕೂಪರ್ ಕ್ಯಾಮ್‌ನಲ್ಲಿ ಉಳಿಯುವುದು 67 ಮಿ.ಮೀ.; ಅನುಪಾತ 8ಕ್ಕೆ ಇಳಿಯುತ್ತದೆ. 70 ಡಿಗ್ರಿಗೆ ಮುಚ್ಚುವ ರೇಸ್ ಕ್ಯಾಮ್ ಹಾಕಿದರೆ ಉಳಿಯುವುದು 60 ಮಿ.ಮೀ.ಗಿಂತ ತುಸು ಕಡಿಮೆ, ಅನುಪಾತ 7.2. ಬೇರೇನನ್ನೂ ಮುಟ್ಟದೆ ಕ್ಯಾಮ್ ಒಂದನ್ನೇ ಬದಲಿಸಿದ ಎಂಜಿನ್ ಊರೊಳಗೆ ಸತ್ತಂತೆ ಓಡುವುದಕ್ಕೆ, ಟ್ರಾಫಿಕ್‌ನಲ್ಲಿ ಪಿಕಪ್ಪೇ ಇಲ್ಲ ಎಂದು ಮಾಲೀಕ ಗೋಳಾಡುವುದಕ್ಕೆ ಕಾರಣ ಇಲ್ಲಿದೆ. ರೇಸ್ ಕ್ಯಾಮ್‌ನಲ್ಲೂ ಕೂಪರ್ ಕ್ಯಾಮ್‌ನಷ್ಟೇ ಒತ್ತಡ ಬೇಕೆಂದರೆ ಅಳತೆಯ ಅನುಪಾತವನ್ನು 10.6ಕ್ಕೆ ಏರಿಸಬೇಕು. ಒಂದು ಸಿಲಿಂಡರಿನ ಗಾತ್ರ ಸುಮಾರು 318 ಸಿಸಿ ಆಗಿರುವುದರಿಂದ, ಪಿಸ್ಟನ್ ಮೇಲ್ತುದಿಯಲ್ಲಿರುವಾಗ ಅದರ ಮೇಲೆ ಉಳಿಯುವ ಜಾಗವನ್ನು 37 ಸಿಸಿಯಿಂದ 33 ಸಿಸಿಗೆ ಇಳಿಸಬೇಕು. ಅದಕ್ಕೆ ಹೆಡ್ಡನ್ನು ತರಿಯಬೇಕು ಇಲ್ಲವೇ ಪಿಸ್ಟನ್ ಬದಲಿಸಬೇಕು. ಇದು ನಿಂತ ಗಾಳಿಯ ಲೆಕ್ಕ, ಓಡುವ ಎಂಜಿನ್ನಿನ ಒತ್ತಡವನ್ನು ಇದು ಪೂರ್ತಿಯಾಗಿ ಹೇಳುವುದಿಲ್ಲ. ಆದರೂ ಎರಡು ಕ್ಯಾಮ್‌ಗಳನ್ನು ಪಕ್ಕದಲ್ಲಿಟ್ಟು ತೂಗಲು ಇದಕ್ಕಿಂತ ಸರಳ ದಾರಿ ಇಲ್ಲ. ಕ್ಯಾಮ್ ತೀರ್ಮಾನ ಕೊನೆಗೆ ಬರಲಿ ಎಂದು ಮೊದಲೇ ಹೇಳಿದ್ದು ಇದಕ್ಕಾಗಿ: ಬೋರ್ (ಸಿಲಿಂಡರಿನ ವ್ಯಾಸ) ಎಷ್ಟಾಗುತ್ತದೆ, ಹೆಡ್ ಯಾವುದು, ಅನುಪಾತ ಎಷ್ಟು ಎಂಬುದು ತಿಳಿಯದೆ ಎರಡನೆಯ ಅಂಕಿ ಎಷ್ಟಿರಬೇಕೆಂದು ಹೇಳಲಾಗದು.

ಒಂದೇ ಬಾಗಿಲಿಗೆ ಇಬ್ಬರು

ಎ-ಸೀರೀಸ್ ಎಂಜಿನ್‌ಗೆ ಇನ್ನೊಂದು ವಿಶೇಷ ತೊಡಕಿದೆ. ಬೇರೆ ಎಂಜಿನ್‌ಗಳ ಅನುಭವವನ್ನು ಇಲ್ಲಿ ನೇರವಾಗಿ ಅನ್ವಯಿಸಲು ಹೋದವರು ಸೋಲುವುದು ಈ ಜಾಗದಲ್ಲೇ. ಹ್ಯಾರಿ ವೆಸ್ಲೇಕ್ ಅವರ ವಿನ್ಯಾಸದಿಂದ ಬಂದ ಇದರ ಹೆಡ್‌ನಲ್ಲಿ ನಾಲ್ಕು ಸಿಲಿಂಡರ್‌ಗಳಿಗೆ ಇರುವುದು ಒಟ್ಟು ಐದೇ ಪೋರ್ಟ್‌ಗಳು. ಇನ್‌ಲೆಟ್ ಪೋರ್ಟ್‌ಗಳು ಎರಡು: ಒಂದನ್ನು 1 ಮತ್ತು 2ನೆಯ ಸಿಲಿಂಡರ್‌ಗಳು ಹಂಚಿಕೊಂಡರೆ ಇನ್ನೊಂದನ್ನು 3 ಮತ್ತು 4ನೆಯವು ಹಂಚಿಕೊಳ್ಳುತ್ತವೆ. ಎಕ್ಸಾಸ್ಟ್ ಪೋರ್ಟ್‌ಗಳು ಮೂರು: 1ಕ್ಕೊಂದು, 4ಕ್ಕೊಂದು, ನಡುವಿನ 2 ಮತ್ತು 3ಕ್ಕೆ ಸೇರಿ ಒಂದು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಹೊತ್ತುವ ಸರದಿ, 1-3-4-2.

ಈ ಸರದಿಯನ್ನು ಬೆರಳಲ್ಲಿ ಎಣಿಸಿ ನೋಡಿ. 2ನೆಯ ಸಿಲಿಂಡರ್ ಹೀರಲು ಆರಂಭಿಸಿ 180 ಡಿಗ್ರಿ ಕಳೆಯುತ್ತಿದ್ದಂತೆ ಅದೇ ಪೋರ್ಟಿನಿಂದ 1ನೆಯದು ಹೀರತೊಡಗುತ್ತದೆ. ಆಮೇಲೆ ಆ ಪೋರ್ಟ್ ಬಹಳ ಹೊತ್ತು ಸುಮ್ಮನಿರುತ್ತದೆ. ಅತ್ತ ಪೋರ್ಟಿನಲ್ಲಿ 3ರ ಹಿಂದೆಯೇ 4 ಬರುತ್ತದೆ. ಅಂದರೆ ಪ್ರತಿ ಪೋರ್ಟಿನಲ್ಲೂ ಇಬ್ಬರು ಒಬ್ಬರ ಬೆನ್ನಿಗೊಬ್ಬರು ಬಂದು ನಿಲ್ಲುತ್ತಾರೆ. ಇನ್‌ಲೆಟ್ ಅವಧಿ 180ಕ್ಕಿಂತ ಎಷ್ಟು ಹೆಚ್ಚೋ ಅಷ್ಟು ಡಿಗ್ರಿಗಳ ಕಾಲ ಇಬ್ಬರ ವಾಲ್ವುಗಳೂ ಒಟ್ಟಿಗೆ ತೆರೆದಿರುತ್ತವೆ: ಸಾಮಾನ್ಯ ಕ್ಯಾಮ್‌ನಲ್ಲಿ 50 ಡಿಗ್ರಿ, ಕೂಪರ್ ಕ್ಯಾಮ್‌ನಲ್ಲಿ 72, ರೇಸ್ ಕ್ಯಾಮ್‌ನಲ್ಲಿ 120. ಆ ಹೊತ್ತಿನಲ್ಲಿ ಮೊದಲು ಬಂದವನ ಪಿಸ್ಟನ್ ಮೇಲೇರುತ್ತಿರುತ್ತದೆ, ಹಿಂದೆ ಬಂದವನದು ಕೆಳಗಿಳಿಯುತ್ತಿರುತ್ತದೆ. ಮೊದಲನೆಯವನ ಬಾಯಿಯ ತುತ್ತನ್ನು ಎರಡನೆಯವನು ಕಸಿದುಕೊಳ್ಳುತ್ತಾನೆ. ನಾಲ್ಕು ಸಿಲಿಂಡರ್‌ಗಳಿಗೂ ಸಮಪಾಲು ಸಿಗದೆ, ಕಾರ್ಬ್ಯುರೇಟರನ್ನು ಒಂದು ಜೋಡಿಗೆ ಹೊಂದಿಸಿದರೆ ಇನ್ನೊಂದು ಜೋಡಿಗೆ ಹೊಂದದ ಸ್ಥಿತಿ ಬರುತ್ತದೆ. ಪ್ರತಿ ಸಿಲಿಂಡರಿಗೂ ಸ್ವಂತ ಇನ್‌ಲೆಟ್ ಪೋರ್ಟ್ ಇರುವ ಎಂಜಿನ್‌ನಲ್ಲಿ 276 ಡಿಗ್ರಿ ಸೌಮ್ಯವಾಗಿ ನಡೆದುಕೊಂಡೀತು; ಮಿನಿಯಲ್ಲಿ ಅದೇ ಅಂಕಿಗೆ ಒರಟುತನ ಬರಲು ಇದೊಂದು ಮುಖ್ಯ ಕಾರಣ. ಒಳಗಿನ ಮತ್ತು ಹೊರಗಿನ ಸಿಲಿಂಡರ್‌ಗಳ ಉಬ್ಬುಗಳನ್ನು ತುಸು ಬೇರೆ ಬೇರೆ ಸಮಯಕ್ಕೆ ಅರೆದು ಈ ಕಸಿದಾಟವನ್ನು ತಗ್ಗಿಸುವ ಕ್ಯಾಮ್‌ಗಳೂ ಉಂಟು, ಪೋರ್ಟ್‌ಗಳನ್ನೇ ಬೇರ್ಪಡಿಸಿದ ಎಂಟು ಪೋರ್ಟಿನ ಅಲ್ಯೂಮಿನಿಯಂ ಹೆಡ್‌ಗಳೂ ಉಂಟು. ರಸ್ತೆಯ ಕಾರಿಗೆ ಅವು ಎರಡೂ ಬೇಕಾಗುವುದಿಲ್ಲ.

ನಡುವಿನ ಎಕ್ಸಾಸ್ಟ್ ಪೋರ್ಟ್ ಹಂಚಿಕೊಂಡಿರುವ 2 ಮತ್ತು 3ನೆಯ ಸಿಲಿಂಡರ್‌ಗಳ ಸರದಿ 360 ಡಿಗ್ರಿ ಅಂತರದಲ್ಲಿ ಬರುವುದರಿಂದ ಅಲ್ಲಿ ಇಂಥ ಜಗಳವಿಲ್ಲ, ಬಿಸಿ ಮಾತ್ರ ಹೆಚ್ಚು. ಎಕ್ಸಾಸ್ಟ್‌ಗೆ ಹೆಚ್ಚು ಅವಧಿ ಕೊಡುವ ಕ್ಯಾಮ್ ಈ ಹೆಡ್‌ಗೆ ಚೆನ್ನಾಗಿ ಒಗ್ಗುತ್ತದೆ. 1982ರಲ್ಲಿ ಬಂದ ಎಂಜಿ ಮೆಟ್ರೊ ಕಾರಿನ ಕ್ಯಾಮ್ 16-56-59-29: ಇನ್‌ಲೆಟ್ ಕೂಪರ್‌ನದೇ 252, ಎಕ್ಸಾಸ್ಟ್ ಮಾತ್ರ 268. ಇನ್‌ಲೆಟ್ ಕಸಿದಾಟ ಹೆಚ್ಚಿಸದೆ ಉಸಿರು ಬಿಡುವುದನ್ನಷ್ಟೇ ಸಲೀಸು ಮಾಡಿದ ಜಾಣತನ ಇದು. 1275 ಸಿಸಿಯ ದಿನಬಳಕೆಯ ಕಾರಿಗೆ ಯಾವ ಕ್ಯಾಮ್ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಭಾರತದವರಿಗೆ ಇದರಲ್ಲಿ ಸ್ವಂತದ ಆಸಕ್ತಿಯೂ ಇದೆ. ನಮ್ಮ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಅದೇ ಬಿಎಂಸಿಯ ಬಿ-ಸೀರೀಸ್, ಗಾತ್ರದಲ್ಲಿ ಎ-ಸೀರೀಸ್‌ನ ಅಣ್ಣ. ಅದರ ಹೆಡ್‌ನಲ್ಲೂ ಇದೇ ಐದು ಪೋರ್ಟ್‌ಗಳ ಹಂಚಿಕೆ ಇದೆ. ಹಳೆಯ ಅಂಬಾಸಿಡರ್ ಎಂಜಿನ್ ಕಟ್ಟುತ್ತಿರುವವರಿಗೂ ಮೇಲಿನ ಎಣಿಕೆ ಹಾಗೆಯೇ ಅನ್ವಯಿಸುತ್ತದೆ.

ರಸ್ತೆ ಮತ್ತು ಗೇರ್ ಹೇಳುವ ಮಾತು

ಎಕ್ಸಾಸ್ಟ್ ಮುಚ್ಚುವ ಮೊದಲೇ ಇನ್‌ಲೆಟ್ ತೆರೆಯುವುದರಿಂದ ಒಂದೇ ಸಿಲಿಂಡರಿನ ಎರಡೂ ವಾಲ್ವುಗಳು ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಇದು ಓವರ್‌ಲ್ಯಾಪ್. ಸಾಲಿನ ಮೊದಲ ಮತ್ತು ಕೊನೆಯ ಅಂಕಿ ಕೂಡಿಸಿದರೆ ಅದು ಸಿಗುತ್ತದೆ: ಮೂರು ಕ್ಯಾಮ್‌ಗಳಲ್ಲಿ ಕ್ರಮವಾಗಿ 15, 37, 95 ಡಿಗ್ರಿ. ಓವರ್‌ಲ್ಯಾಪ್ ಹೆಚ್ಚಿದರೆ ನಿಧಾನ ವೇಗದಲ್ಲಿ ಸುಟ್ಟ ಹೊಗೆ ಇನ್‌ಲೆಟ್ ಪೋರ್ಟಿಗೆ ನುಸುಳುತ್ತದೆ. ಐಡ್ಲಿಂಗ್ ಕುದುರೆ ಕುಂಟಿದಂತೆ ಆಗುತ್ತದೆ. ಮ್ಯಾನಿಫೋಲ್ಡಿನ ನಿರ್ವಾತ ತಗ್ಗಿ ಬ್ರೇಕ್ ಸರ್ವೋ ಸೊರಗುತ್ತದೆ. ಮಿನಿಯ ಎಸ್‌ಯು ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದುಬಿಡುವ ಸೂಜಿ ಬದಲಿಸಲೇಬೇಕಾಗುತ್ತದೆ. ಕಿಡಿಯ ಸಮಯವನ್ನು ಮುಂದಕ್ಕೆ ತರುವ, ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಅಡ್ವಾನ್ಸ್ ಕೂಡ ಅದೇ ನಿರ್ವಾತವನ್ನು ನಂಬಿರುತ್ತದೆ. ನಾನು ಓಡಿಸಿ ನೋಡಿದ ಒಂದು 998 ಸಿಸಿ ಮಿನಿಗೆ ಯಾರೋ ಉಮೇದಿನಲ್ಲಿ ರೇಸ್ ಕ್ಯಾಮ್ ಕೂರಿಸಿದ್ದರು. ಸಿಗ್ನಲ್‌ನಲ್ಲಿ ನಿಂತಾಗ ಇಡೀ ಕಾರು ನಡುಗುತ್ತಿತ್ತು, ಎರಡನೆಯ ಗೇರಿನಲ್ಲಿ ಬಸ್ಸಿನ ಹಿಂದೆ ನಿಧಾನವಾಗಿ ಹೋಗಲು ಕ್ಲಚ್ ತುಳಿದುಕೊಂಡೇ ಇರಬೇಕಿತ್ತು; ಶಬ್ದ ಮಾತ್ರ ಅದ್ಭುತವಾಗಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಮಾಂಟೆ ಕಾರ್ಲೊ ರ‍್ಯಾಲಿಯನ್ನು 1964, 1965 ಮತ್ತು 1967ರಲ್ಲಿ ಗೆದ್ದ ಮಿನಿಗಳ ಕಥೆ ಕೇಳಿ ಬೆಳೆದವರಿಗೆ ಅಂಥ ಶಬ್ದದ ಮೇಲೆ ಮೋಹ ಇರುವುದು ತಪ್ಪಲ್ಲ. ಆದರೆ ಕಾರು ಯಾವ ವೇಗದಲ್ಲಿ ಓಡುತ್ತದೆ ಎಂದು ಲೆಕ್ಕ ಹಾಕಿದರೆ ಮೋಹ ತಾನಾಗಿ ಇಳಿಯುತ್ತದೆ. ಹತ್ತು ಇಂಚಿನ ಚಕ್ರ, 3.765ರ ಫೈನಲ್ ಡ್ರೈವ್ ಇರುವ ಮಿನಿ ಟಾಪ್ ಗೇರ್‌ನಲ್ಲಿ ಎಂಜಿನ್ನಿನ ಪ್ರತಿ 1000 ಸುತ್ತಿಗೆ ಗಂಟೆಗೆ ಸುಮಾರು 24 ಕಿ.ಮೀ. ಓಡುತ್ತದೆ. 60 ಕಿ.ಮೀ. ವೇಗದಲ್ಲಿ ಎಂಜಿನ್ ತಿರುಗುವುದು 2500 ಸುತ್ತು. 80ರಲ್ಲಿ 3300ರ ಆಸುಪಾಸು. 4000 ಸುತ್ತಿನ ನಂತರವಷ್ಟೇ ಎಚ್ಚರಗೊಳ್ಳುವ ಕ್ಯಾಮ್ ಹಾಕಿದರೆ ಟಾಪ್ ಗೇರ್‌ನಲ್ಲಿ 96 ಕಿ.ಮೀ. ದಾಟುವವರೆಗೆ ಅದು ನಿದ್ದೆಯಲ್ಲೇ ಇರುತ್ತದೆ. ನಿಮ್ಮ ಕಾರು ದಿನದ ಹೆಚ್ಚಿನ ಹೊತ್ತು ಎಷ್ಟು ಸುತ್ತಿನಲ್ಲಿ ಓಡುತ್ತದೆ ಎಂಬುದನ್ನು ಒಂದು ವಾರ ಗಮನಿಸಿ ಬರೆದಿಟ್ಟುಕೊಂಡರೆ, ಕ್ಯಾಮ್ ಆಯ್ಕೆಯ ಅರ್ಧ ಕೆಲಸ ಮುಗಿದಂತೆ.

ಬಲ ಬಂದದ್ದು ಎಲ್ಲಿಂದ ಎಂಬುದನ್ನೂ ಸರಿಯಾಗಿ ಗುರುತಿಸಬೇಕು. ಮೊದಲ ಮಿನಿಯ 848 ಸಿಸಿ ಎಂಜಿನ್ 34 ಅಶ್ವಶಕ್ತಿ ಕೊಡುತ್ತಿತ್ತು, 997 ಸಿಸಿ ಕೂಪರ್ 55 ಕೊಟ್ಟಿತು. ಈ ಏರಿಕೆಯನ್ನು ಕ್ಯಾಮ್ ಖಾತೆಗೆ ಬರೆಯುವುದು ಅನ್ಯಾಯ. ಗಾತ್ರ ಬೆಳೆದಿತ್ತು, ಕಂಪ್ರೆಷನ್ 8.3ರಿಂದ 9ಕ್ಕೆ ಏರಿತ್ತು, ಒಂದು ಕಾರ್ಬ್ಯುರೇಟರಿನ ಜಾಗಕ್ಕೆ ಎರಡು ಬಂದಿದ್ದವು. ಕ್ಯಾಮ್ ಅವೆಲ್ಲಕ್ಕೂ ತಾಳ ಹಾಕಿತು. ಒಂದೇ ಸಣ್ಣ ಕಾರ್ಬ್ಯುರೇಟರ್, ಮುಟ್ಟದ ಹೆಡ್ ಉಳಿಸಿಕೊಂಡ 998ಕ್ಕೆ ಕಾರ್ಖಾನೆಯ ಕ್ಯಾಮ್ ಅಥವಾ ಹೆಚ್ಚೆಂದರೆ 252ರದು ಸಾಕು. ಹೆಡ್ ಕೆಲಸ ಮಾಡಿಸಿ, ಒಂದೂವರೆ ಇಂಚಿನ ಕಾರ್ಬ್ಯುರೇಟರನ್ನೂ ಒಳ್ಳೆಯ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನೂ ಹಾಕಿದ, ಹೆದ್ದಾರಿಯಲ್ಲೂ ಓಡುವ 1275ಕ್ಕೆ 266ರ ಆಸುಪಾಸಿನದು ಒಪ್ಪುತ್ತದೆ. ಅದಕ್ಕಿಂತ ಮೇಲಿನದು ಟ್ರ್ಯಾಕ್‌ಗೆ ಹೋಗುವವರಿಗೆ. ಎರಡರ ನಡುವೆ ಮನಸ್ಸು ಹೊಯ್ದಾಡಿದರೆ ಚಿಕ್ಕದನ್ನೇ ತೆಗೆದುಕೊಳ್ಳಿ.

ಪಟ್ಟಿಯ ಅಂಕಿಗಳನ್ನು ಹೋಲಿಸುವಾಗ ಒಂದು ಎಚ್ಚರ ಬೇಕು. ವಾಲ್ವ್ ತೆರೆಯಿತು ಎಂದು ಎಣಿಸಲು ಒಬ್ಬರು ಒಂದು ಎತ್ತರವನ್ನು ಹಿಡಿದರೆ ಇನ್ನೊಬ್ಬರು ಬೇರೆಯದನ್ನು ಹಿಡಿಯುತ್ತಾರೆ. ಹೀಗಾಗಿ ಒಬ್ಬರ 266ಕ್ಕಿಂತ ಇನ್ನೊಬ್ಬರ 270 ಸೌಮ್ಯವಾಗಿರುವುದು ಸಾಧ್ಯ. 1.27 ಮಿ.ಮೀ., ಅಂದರೆ ಇಂಚಿನ ಸಾವಿರದಲ್ಲಿ 50 ಭಾಗದಷ್ಟು ಎತ್ತುವಿಕೆಯಲ್ಲಿ ಅಳೆದ ಅವಧಿ ಕೊಟ್ಟಿದ್ದರೆ ಅದನ್ನೇ ಹೋಲಿಸಬೇಕು.

ಎತ್ತುವಿಕೆ, ರಾಕರ್, ಬ್ಲಾಕ್

ಅವಧಿಯಷ್ಟೇ ಮುಖ್ಯ ವಾಲ್ವ್ ಎಷ್ಟು ಎತ್ತರ ತೆರೆಯುತ್ತದೆ ಎಂಬುದು. ವಾಲ್ವಿನ ವ್ಯಾಸದ ಕಾಲು ಭಾಗದಷ್ಟು ತೆರೆದಾಗ ಅದರ ಸುತ್ತಲಿನ ಸಂದು ವಾಲ್ವಿನ ವೃತ್ತದಷ್ಟೇ ವಿಸ್ತಾರವಾಗುತ್ತದೆ, 35.6 ಮಿ.ಮೀ.ನ ಕೂಪರ್ ಎಸ್ ಇನ್‌ಲೆಟ್ ವಾಲ್ವಿಗೆ ಇದು 8.9 ಮಿ.ಮೀ. ಕ್ಯಾಮಿನ ಉಬ್ಬು 6.35 ಮಿ.ಮೀ. ಎತ್ತಿದರೆ, ಸುಮಾರು 1.25 ಅನುಪಾತದ ಮೂಲ ರಾಕರ್ ಅದನ್ನು 7.9 ಮಿ.ಮೀ. ಮಾಡುತ್ತದೆ, 1.5 ಅನುಪಾತದ ರಾಕರ್ 9.5 ಮಿ.ಮೀ. ಮಾಡುತ್ತದೆ, ಎರಡರಲ್ಲೂ ಟ್ಯಾಪೆಟ್ ಅಂತರ (ರಾಕರ್ ಮತ್ತು ವಾಲ್ವಿನ ನಡುವೆ ಬಿಡುವ ಸಂದು) ಕಳೆಯಬೇಕು. ಅವಧಿ ಬೆಳೆಸದೆ ಎತ್ತುವಿಕೆ ಬೆಳೆಸುವ ಈ ದಾರಿ, ಇನ್‌ಲೆಟ್ ಹಂಚಿಕೊಳ್ಳುವ ಎಂಜಿನ್‌ಗೆ ಎರಡು ಪಟ್ಟು ಲಾಭದ್ದು. ಸೌಮ್ಯ ಕ್ಯಾಮ್ ಮತ್ತು ಎತ್ತರದ ರಾಕರ್ ಎಂಬ ಜೋಡಿಯನ್ನು ನಾನು ರಸ್ತೆ ಕಾರಿಗೆ ಮೆಚ್ಚುವುದು ಅದಕ್ಕೇ. ಬದಲಿಗೆ ಉಬ್ಬಿನ ಮೇಲೂ ವಾಲ್ವ್ ಗೈಡ್ ಮೇಲೂ ಬೀಳುವ ಭಾರ ಹೆಚ್ಚುತ್ತದೆ, ಸ್ಪ್ರಿಂಗ್‌ಗಳು ಪೂರ್ತಿ ಒತ್ತಿದಾಗ ಸುರುಳಿಗೆ ಸುರುಳಿ ತಾಗದಂತೆ ನೋಡಿಕೊಳ್ಳಬೇಕು.

ಎತ್ತುವಿಕೆ ಹೆಚ್ಚಿಸಿದಾಗ ಅನೇಕ 1275 ಬ್ಲಾಕ್‌ಗಳಲ್ಲಿ ಎಕ್ಸಾಸ್ಟ್ ವಾಲ್ವ್ ಬೋರಿನ ಅಂಚಿಗೆ, ಅಂದರೆ ಬ್ಲಾಕ್‌ನ ಮೇಲ್ಮೈಗೇ ಬಡಿಯುತ್ತದೆ; ಅಲ್ಲಿ ಬ್ಲಾಕನ್ನು ಅರ್ಧಚಂದ್ರಾಕಾರದಲ್ಲಿ ತುಸು ಕೊರೆಯಬೇಕಾಗುತ್ತದೆ. ಊಹಿಸುವ ಬದಲು, ಮಕ್ಕಳು ಆಡುವ ಬಣ್ಣದ ಜೇಡಿಯ ತುಣುಕನ್ನು ಆ ಅಂಚಿನ ಮೇಲಿಟ್ಟು, ಹೆಡ್ ಬಿಗಿದು, ಎಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ ಮತ್ತೆ ಬಿಚ್ಚಿ ನೋಡಬೇಕು. ಜೇಡಿಯ ಮೇಲೆ ಮೂಡಿದ ಅಚ್ಚನ್ನು ಬ್ಲೇಡಿನಿಂದ ಸೀಳಿ ಅಳೆದರೆ ಎಷ್ಟು ಅಂತರ ಉಳಿದಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಹೊಂದಿಕೆಯ ಸಣ್ಣ ವಿಷಯಗಳು ದೊಡ್ಡ ಎಡವಟ್ಟು ಮಾಡುತ್ತವೆ. ಎ-ಸೀರೀಸ್‌ನಲ್ಲಿ ಆಯಿಲ್ ಪಂಪನ್ನು ತಿರುಗಿಸುವುದು ಕ್ಯಾಮ್‌ಶಾಫ್ಟಿನ ಹಿಂತುದಿ, ಮತ್ತು ಆ ತುದಿ ಮೂರು ಬಗೆಯದಿದೆ: ಹಳೆಯ ಎಂಜಿನ್‌ಗಳಲ್ಲಿ ಪಿನ್, ಆಮೇಲಿನ 1275ರಲ್ಲಿ ನಕ್ಷತ್ರದಂಥ ಜೋಡಣೆ, 1980ರ ನಂತರದ ಎ-ಪ್ಲಸ್ ಎಂಬ ಸುಧಾರಿತ ರೂಪದಲ್ಲಿ ಸೀಳು. ಹೊಂದದ ತುದಿಯ ಕ್ಯಾಮ್ ತಂದವರು ಪಂಪನ್ನೂ ಬದಲಿಸಬೇಕು. ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಇದ್ದರೆ ಅದಕ್ಕೆ ಬೇಕಾದ ಉಬ್ಬು ಕ್ಯಾಮ್‌ನಲ್ಲಿ ಇದೆಯೇ ಎಂದು ನೋಡಬೇಕು. ಮೊದಮೊದಲ ಸಣ್ಣ ಎಂಜಿನ್‌ಗಳಲ್ಲಿ ಮುಂದಿನದೊಂದನ್ನು ಬಿಟ್ಟರೆ ಕ್ಯಾಮ್‌ಗೆ ಬೇರಿಂಗ್‌ಗಳೇ ಇಲ್ಲ, ಶಾಫ್ಟ್ ನೇರವಾಗಿ ಬ್ಲಾಕ್‌ನಲ್ಲೇ ತಿರುಗುತ್ತದೆ. ಹೆಚ್ಚಿನ 1275 ಬ್ಲಾಕ್‌ಗಳಲ್ಲಿ ಟ್ಯಾಪೆಟ್‌ಗಳನ್ನು ಪಕ್ಕದಿಂದ ತೆಗೆಯುವ ಮುಚ್ಚಳಗಳಿಲ್ಲ. ಕ್ಯಾಮ್ ಹೊರಗೆಳೆದ ಮೇಲೆ ಕೆಳಗಿನಿಂದಲೇ ತೆಗೆಯಬೇಕು. ಹಾಗಾಗಿ ಎಂಜಿನ್ ಒಮ್ಮೆ ಕಟ್ಟಿದ ಮೇಲೆ ಮನಸ್ಸು ಬದಲಾಯಿಸುವುದು ದುಬಾರಿ.

ಹಳೆಯ ಕ್ಯಾಮ್ ಅರೆಸುವುದು

ಹೊಸ ಕ್ಯಾಮ್ ಸಿಗದ ಹಳೆಯ ಕಾರುಗಳಿಗೆ ಇರುವ ಕ್ಯಾಮನ್ನೇ ಗ್ರೈಂಡಿಂಗ್ ಮಾಡಿಸುವ ರೂಢಿ ಇದೆ. ಲೋಹವನ್ನು ತೆಗೆದರೆ ಎತ್ತುವಿಕೆ ಹೆಚ್ಚುವುದು ಹೇಗೆ ಎಂದು ಅಚ್ಚರಿಪಡುವವರಿದ್ದಾರೆ. ಉಬ್ಬಿನ ಮೂಗನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟು ಹಿಂಬದಿಯ ವೃತ್ತವನ್ನು ಚಿಕ್ಕದು ಮಾಡುತ್ತಾರೆ. ಟ್ಯಾಪೆಟ್ ಕೂರುವ ಜಾಗ ಕೆಳಗಿಳಿದುದರಿಂದ ಅದು ಏರಬೇಕಾದ ಎತ್ತರ ಹೆಚ್ಚುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪದ್ಮಿನಿಯ ಬಿಡಿಭಾಗಕ್ಕೆ ಅಲೆದು ಸುಸ್ತಾದವರಿಗೆ ಇದು ಒಳ್ಳೆಯ ದಾರಿಯೇ. ಆದರೆ ಎರಕಹೊಯ್ದ ಕ್ಯಾಮಿನ ಗಟ್ಟಿಪದರ ಹೆಚ್ಚು ಆಳವಿರುವುದಿಲ್ಲ. ಅದನ್ನು ಮೀರಿ ಅರೆದರೆ ಒಳಗಿನ ಮೆದು ಲೋಹ ಕೆಲವೇ ದಿನಗಳಲ್ಲಿ ಸವೆದುಹೋಗುತ್ತದೆ. ಅರೆಸುವ ಮೊದಲು ಉಬ್ಬುಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಮೂಗಿನ ಮೇಲೆ ಸಣ್ಣ ಗುಳಿಗಳೋ ಅಂಚು ಮಡಿಸಿದಂಥ ಗೆರೆಯೋ ಕಂಡರೆ ಆ ಶಾಫ್ಟನ್ನು ಬದಿಗಿಡುವುದು ಲೇಸು.

ಟ್ಯಾಪೆಟ್‌ಗಳ ವಿಷಯದಲ್ಲಿ ರಾಜಿ ಸಲ್ಲದು. ಅವುಗಳ ತಳ ಚಪ್ಪಟೆಯಂತೆ ಕಂಡರೂ ಕೂದಲೆಳೆಯಷ್ಟು ಉಬ್ಬಿರುತ್ತದೆ. ಕ್ಯಾಮಿನ ಉಬ್ಬೂ ಅಷ್ಟೇ ನವಿರಾಗಿ ಇಳಿಜಾರಾಗಿರುತ್ತದೆ. ಇವೆರಡೂ ಸೇರಿ ಟ್ಯಾಪೆಟ್ಟನ್ನು ತನ್ನ ರಂಧ್ರದಲ್ಲಿ ತಿರುಗಿಸುತ್ತ ಸವೆತವನ್ನು ತಳದ ಸುತ್ತಲೂ ಹಂಚುತ್ತವೆ. ಹಳೆಯ ಟ್ಯಾಪೆಟ್ ತನ್ನ ಹಳೆಯ ಉಬ್ಬಿಗೆ ಒಗ್ಗಿ ತಳ ಗುಳಿಬಿದ್ದಿರುತ್ತದೆ. ಅದನ್ನು ಹೊಸ ಕ್ಯಾಮ್ ಮೇಲೆ ಕೂರಿಸಿದರೆ ತಿರುಗದೆ ಒಂದೇ ಕಡೆ ಉಜ್ಜಿ ಎರಡನ್ನೂ ಕೆಡಿಸುತ್ತದೆ. ಹೊಸ ಕ್ಯಾಮ್‌ಗೆ ಹೊಸ ಟ್ಯಾಪೆಟ್, ಅರೆಸಿದ ಕ್ಯಾಮ್‌ಗೂ ಹೊಸ ಟ್ಯಾಪೆಟ್.

ಡಿಗ್ರಿ ಚಕ್ರ ಕಟ್ಟಿ ನೋಡುವುದು

ಒಳ್ಳೆಯ ಕ್ಯಾಮ್ ಆರಿಸಿ ಟೈಮಿಂಗ್ ಗೇರುಗಳ ಚುಕ್ಕೆಗೆ ಚುಕ್ಕೆ ಸೇರಿಸಿ ಮುಚ್ಚಿಬಿಟ್ಟರೆ ಕೆಲಸ ಅರ್ಧವೇ ಆಯಿತು. ಗೇರು, ಚೈನು, ಕೀಲಿ ಇವುಗಳ ಸಣ್ಣ ವ್ಯತ್ಯಾಸಗಳು ಕೂಡಿ ಕ್ಯಾಮ್ ಕೆಲವು ಡಿಗ್ರಿ ಆಚೀಚೆ ಕೂರಬಹುದು, ಮತ್ತು ಕ್ಯಾಮ್‌ನಲ್ಲಿ ಒಂದು ಡಿಗ್ರಿ ತಪ್ಪಿದರೆ ಕ್ರ್ಯಾಂಕ್ ಲೆಕ್ಕದಲ್ಲಿ ಎರಡು ಡಿಗ್ರಿ ತಪ್ಪಿದಂತೆ. ಆದ್ದರಿಂದ ಕ್ರ್ಯಾಂಕ್ ಮೂತಿಗೆ ಡಿಗ್ರಿ ಚಕ್ರ ಕಟ್ಟಿ, ಒಂದು ತಂತಿಯನ್ನು ಬಾಗಿಸಿ ಮುಳ್ಳು ಮಾಡಿ ಅಳೆಯಬೇಕು. ಮೊದಲು ನಿಜವಾದ ಮೇಲ್ತುದಿಯನ್ನು ಕಂಡುಹಿಡಿಯಬೇಕು. ಪಿಸ್ಟನ್ ಮೇಲ್ತುದಿಯಲ್ಲಿ ಕೆಲವು ಡಿಗ್ರಿ ಕಾಲ ಅಲುಗದಂತೆ ಕಾಣುವುದರಿಂದ ಕಣ್ಣಳತೆ ಸಾಲದು. ಪಿಸ್ಟನ್ ಪೂರ್ತಿ ಏರದಂತೆ ತಡೆಯೊಂದನ್ನು ಬಿಗಿದು ಎಂಜಿನ್ನನ್ನು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ತಡೆಗೆ ತಾಗುವವರೆಗೆ ತಿರುಗಿಸಬೇಕು. ಒಂದು ಕಡೆ 37, ಇನ್ನೊಂದು ಕಡೆ 41 ಬಂದರೆ ಮುಳ್ಳನ್ನು 2 ಡಿಗ್ರಿ ಸರಿಸಿ ಎರಡೂ ಕಡೆ 39 ಮಾಡಬೇಕು. ಆಗ ಸೊನ್ನೆ ನಿಜವಾದ ಸೊನ್ನೆ.

ಆಮೇಲೆ 1ನೆಯ ಸಿಲಿಂಡರಿನ ಇನ್‌ಲೆಟ್ ಪುಶ್‌ರಾಡ್ ಮೇಲೆ ಡಯಲ್ ಗೇಜ್ ಕೂರಿಸಬೇಕು. ಪೂರ್ತಿ ಎತ್ತಿದ ಬಿಂದುವನ್ನು ನೇರವಾಗಿ ಓದಲು ಹೋಗಬಾರದು, ಮೂಗಿನ ತುದಿಯಲ್ಲಿ ಗೇಜಿನ ಮುಳ್ಳೂ ನಿಂತಂತೆ ಇರುತ್ತದೆ. ತುದಿಗಿಂತ 0.25 ಮಿ.ಮೀ. ಕೆಳಗೆ ಏರುವಾಗ ಎಷ್ಟು, ಇಳಿಯುವಾಗ ಎಷ್ಟು ಎಂದು ಚಕ್ರದ ಮೇಲೆ ಓದಿ ಸರಾಸರಿ ತೆಗೆಯಬೇಕು: 66 ಮತ್ತು 150 ಬಂದರೆ ಪೂರ್ತಿ ಎತ್ತುವಿಕೆ 108ರಲ್ಲಿ. ಕ್ಯಾಮ್ ತಯಾರಿಸಿದವರು 106 ಎಂದಿದ್ದರೆ ಕ್ಯಾಮ್ 2 ಡಿಗ್ರಿ ಹಿಂದಿದೆ. ಗೇರನ್ನು ಶಾಫ್ಟಿನ ಮೇಲೆ ತುಸು ಸರಿಸಿ ಕೂರಿಸುವ ವಕ್ರ ಕೀಲಿ ಹಾಕಿ ಮುಂದಕ್ಕೆ ತರಬೇಕು. ಕೀಲಿಯ ಮೇಲಿನ ಅಂಕಿ ಕ್ಯಾಮ್ ಡಿಗ್ರಿಯೋ ಕ್ರ್ಯಾಂಕ್ ಡಿಗ್ರಿಯೋ ಎಂದು ಅಂಗಡಿಯಲ್ಲೇ ಕೇಳಿಕೊಳ್ಳಿ. ಕ್ಯಾಮನ್ನು ತುಸು ಮುಂದೆ ಕೂರಿಸಿದರೆ ಇನ್‌ಲೆಟ್ ಬೇಗ ಮುಚ್ಚಿ ಕೆಳವೇಗದ ಎಳೆತ ಹೆಚ್ಚುತ್ತದೆ, ಹಿಂದೆ ಕೂರಿಸಿದರೆ ಮೇಲಿನ ವೇಗಕ್ಕೆ ಅನುಕೂಲ.

ಮೊದಲ ಇಪ್ಪತ್ತು ನಿಮಿಷ

ಹೊಸ ಕ್ಯಾಮ್ ಸಾಯುವುದು ಹೆಚ್ಚಾಗಿ ಅದು ಓಡುವ ಮೊದಲ ಇಪ್ಪತ್ತು ನಿಮಿಷದಲ್ಲಿ. ಉಬ್ಬುಗಳಿಗೂ ಟ್ಯಾಪೆಟ್ ತಳಕ್ಕೂ ಕೂಡಿಸುವಾಗಲೇ ಮಾಲಿಬ್ಡಿನಂ ಪೇಸ್ಟ್ ಹಚ್ಚಬೇಕು. ಸ್ಪಾರ್ಕ್ ಪ್ಲಗ್ ತೆಗೆದು, ಆಯಿಲ್ ಒತ್ತಡ ಬರುವವರೆಗೆ ಸ್ಟಾರ್ಟರ್ ತಿರುಗಿಸಿ, ಇಗ್ನಿಷನ್ನನ್ನೂ ಕಾರ್ಬ್ಯುರೇಟರನ್ನೂ ಮೊದಲೇ ಸರಿಪಡಿಸಿಟ್ಟುಕೊಂಡು, ಎಂಜಿನ್ ಹೊತ್ತಿದ ಕೂಡಲೇ 2000ದಿಂದ 2500 ಸುತ್ತಿಗೆ ಏರಿಸಿ ಅಲ್ಲಿಯೇ ಇಪ್ಪತ್ತು ನಿಮಿಷ ಹಿಡಿಯಬೇಕು. ಉಬ್ಬುಗಳಿಗೆ ಎಣ್ಣೆ ಸಿಗುವುದು ಬಹುಪಾಲು ಕ್ರ್ಯಾಂಕ್ ಎರಚುವುದರಿಂದ. ಐಡ್ಲಿಂಗ್‌ನಲ್ಲಿ ಬಿಟ್ಟರೆ ಎರಚಾಟ ಸಾಲದೆ ಉಬ್ಬು ಒಣಗುತ್ತದೆ. ಹೊಸ ಕಾರುಗಳಿಗೆಂದು ಮಾಡಿದ ಎಣ್ಣೆಗಳಲ್ಲಿ ಸತು ಮತ್ತು ರಂಜಕದ ಸಂಯುಕ್ತವನ್ನು ತಗ್ಗಿಸಿದ್ದಾರೆ. ಜಾರುವ ಟ್ಯಾಪೆಟ್‌ಗಳನ್ನು ಕಾಯುವುದು ಅದೇ ಸಂಯುಕ್ತವಾದ್ದರಿಂದ, ಹಳೆಯ ಕಾರುಗಳಿಗೆಂದೇ ಮಾಡಿದ 20ಡಬ್ಲ್ಯೂ-50 ಖನಿಜ ಎಣ್ಣೆಯನ್ನು ಹುಡುಕಿ ತರಬೇಕು.

ಮಿನಿಯಲ್ಲಿ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ಎಣ್ಣೆ ಒಂದೇ, ಆದ್ದರಿಂದ ಸವೆದ ಕ್ಯಾಮಿನ ಪುಡಿ ಗೇರುಗಳ ನಡುವೆಯೂ ಸುತ್ತಾಡುತ್ತದೆ. ಮೊದಲ 500 ಕಿ.ಮೀ. ನಂತರ ಎಣ್ಣೆ ಇಳಿಸುವಾಗ ಡ್ರೈನ್ ಪ್ಲಗ್‌ನ ಅಯಸ್ಕಾಂತವನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಬೂದು ಬಣ್ಣದ ನುಣುಪು ಕೆಸರು ಇದ್ದರೆ ಚಿಂತೆಯಿಲ್ಲ. ಚೂರುಗಳು ಮಿನುಗಿದರೆ ಕಾರಣ ಹುಡುಕಬೇಕು. ಅದೇ ದಿನ ಟ್ಯಾಪೆಟ್ ಅಂತರವನ್ನೂ ಅಳೆಯಬೇಕು. ಎಂಟು ವಾಲ್ವುಗಳಿಗೆ ಒಂಬತ್ತರ ಲೆಕ್ಕ ಬಳಸಿದರೆ ಸರದಿ ತಪ್ಪುವುದಿಲ್ಲ: 8ನೆಯದು ಪೂರ್ತಿ ತೆರೆದಾಗ 1ನೆಯದನ್ನು, 6ನೆಯದು ತೆರೆದಾಗ 3ನೆಯದನ್ನು, ಹೀಗೆ ಎರಡೂ ಕೂಡಿ ಒಂಬತ್ತಾಗುವಂತೆ. ತಣ್ಣನೆಯ ಎಂಜಿನ್‌ನಲ್ಲಿ ಮೂಲ ಕ್ಯಾಮ್‌ಗೆ 0.30 ಮಿ.ಮೀ., ಬೇರೆ ಕ್ಯಾಮ್‌ಗೆ ಅದನ್ನು ಮಾಡಿದವರು ಹೇಳಿದಷ್ಟು. ಎಂಟೂ ಸ್ವಲ್ಪ ಸ್ವಲ್ಪ ಬದಲಾಗಿದ್ದರೆ ಎಂಜಿನ್ ಕೂತುಕೊಳ್ಳುತ್ತಿದೆ ಎಂದರ್ಥ. ಏಳು ಸರಿಯಿದ್ದು ಒಂದರ ಸಂದು ಮಾತ್ರ ದೊಡ್ಡದಾಗಿದ್ದರೆ ಸ್ಕ್ರೂ ತಿರುಗಿಸಿ ಸರಿಮಾಡಿ ಸುಮ್ಮನಾಗಬೇಡಿ, ನೂರು ಕಿ.ಮೀ. ಓಡಿಸಿ ಮತ್ತೆ ಅಳೆಯಿರಿ, ಅದೇ ವಾಲ್ವ್ ಮತ್ತೆ ಸಡಿಲವಾಗಿದ್ದರೆ ಆ ಉಬ್ಬು ಸವೆಯತೊಡಗಿದೆ ಮತ್ತು ಎಂಜಿನ್ ಮತ್ತೊಮ್ಮೆ ಕೆಳಗಿಳಿಯಬೇಕಾಗಿದೆ.